ಮಾರಿಯನ್ನು ಗಡಿ ದಾಟಿಸಿದ ಅಣ್ಣನಿಗೆ

ಪ್ರೀತಿಯ ಮುನೀಂದ್ರಣ್ಣಾ,

ಲಗ್ಗೆರೆಯಿಂದ ನಿನ್ನ ತಂಗಿ ವನಜಾ ಬರೆಯುತ್ತಿದ್ದಾಳೆ. ಕಾಗದ ನೋಡಿ ಗಾಬರಿಯಾಗಬೇಡ. ಅವ್ವ ಇಲ್ಲಿಗೆ ಬಂದಾಗಿನಿಂದ ಗಟ್ಟಿಮುಟ್ಟಾಗಿದ್ದಾಳೆ, ಹೊತ್ತು ಹೊತ್ತಿಗೆ ಮುದ್ದೆ ಉಂಡು ನಮ್ಮನ್ನೆಲ್ಲ ಬೈದುಕೊಂಡಿದ್ದಾಳೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅವ್ವನ ಮಾತ್ರೆ, ಅವ್ವನ ಮಂಡಿನೋವು ಇಷ್ಟನ್ನು ಕೇಳಿ "ಸರಿ, ಇಡ್ತೀನಿ" ಅಂದುಬಿಡುತ್ತೀಯ. ಕಾಗದವನ್ನು ನೀನು ಹಾಗೆ ಅರ್ಧಕ್ಕೆ ಇಡಲಾರೆ. ಇಟ್ಟರೂ ಶಾಂತಿ ಅತ್ತಿಗೆ ಬಿಡುವುದಿಲ್ಲ, ನಿನ್ನ ಮುಂದೆ ಕೂತು ಗಟ್ಟಿಯಾಗಿ ಓದಿ ಹೇಳುತ್ತಾಳೆ. ಅದಕ್ಕೇ ಮದುವೆ ಕೆಲಸಕ್ಕೆಂದು ಇಲ್ಲಿಗೆ ಬಂದಿರುವ ಅವಳ ಕೈಗೇ ಕೊಟ್ಟು ಕಳಿಸುತ್ತಿದ್ದೇನೆ.

ವಿಷಯ ನಿನಗೆ ಗೊತ್ತೇ ಇದೆ. ಭಾನುವಾರ ನನ್ನ ಮಗಳು ಬಿಂದುಶ್ರೀಯ ಮದುವೆ, ಶುಕ್ರವಾರ ಮನೆ ಮುಂದೆ ಚಪ್ಪರ. ಚಪ್ಪರಕ್ಕೆ ಹಾಲುಗಂಬ ಸೋದರಮಾವನೇ ತರಬೇಕು. ಹಾಲು ಬರುವ ಮರದ ಕೊಂಬೆ ಕಡಿದು, ಪೂಜೆ ಮಾಡಿ, ಹೆಗಲ ಮೇಲೆ ಹೊತ್ತು ತಂದು ತನ್ನ ಕೈಯಾರೆ ನೆಡಬೇಕು. ಬಿಂದುಗೆ ನಿನ್ನನ್ನು ಬಿಟ್ಟರೆ ಬೇರೆ ಸೋದರಮಾವ ಇಲ್ಲ. ಲಗ್ನಪತ್ರಿಕೆ ಕೊಡಲು ನಾನೊಬ್ಬಳೇ ದೊಡ್ಡನೆಕ್ಕುಂದಿಗೆ ಬಂದಿದ್ದಾಗ ನೀನು ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡೆ, ದೇವರ ಮುಂದಿಟ್ಟೆ, ನನಗೆ ಹೋಳಿಗೆ ಹಾಕಿಸಿದೆ. ಬರುತ್ತೇನೆ ಎಂದು ಮಾತ್ರ ಅನ್ನಲಿಲ್ಲ. "ಶಾಂತಿ ಬರ್ತಾಳೆ, ಮನು ಬರ್ತಾನೆ" ಅಂದೆ. ಬಸ್ಸಿನಲ್ಲಿ ಹೆಬ್ಬಾಳ ದಾಟುವ ತನಕ ಅತ್ತುಕೊಂಡೇ ಬಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಯಾರೋ ಹೋಗಿಬಿಟ್ಟಿದ್ದಾರೆ ಅಂದುಕೊಂಡು ನನ್ನ ಬೆನ್ನು ಸವರಿದಳು.

ಜನ ಆಸ್ತಿಗೆ ಜಗಳ ಆಡುತ್ತಾರೆ. ನಮ್ಮ ಕಡೆ ಜಮೀನಿಗೆ ಬೆಲೆ ಬಂದ ಮೇಲೆ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲಲ್ಲೇ ಮುದುಕರಾದದ್ದನ್ನು ನೋಡಿದ್ದೇವೆ. ನನ್ನ ಅಣ್ಣ ಮತ್ತು ನನ್ನ ಗಂಡ ಮಾತ್ರ ಒಬ್ಬ ಪ್ರಧಾನಮಂತ್ರಿಗಾಗಿ ಮಾತು ಬಿಟ್ಟರು. ನೀವಿಬ್ಬರೂ ಈ ಭೂಮಿಯ ಮೇಲೆ ಇದ್ದೀರಿ ಎನ್ನುವುದೇ ಆ ಮನುಷ್ಯನಿಗೆ ಗೊತ್ತಿಲ್ಲ. ಗೊತ್ತಾಗಿದ್ದರೆ ಪಾಪ, ಅವರೇ ಫೋನ್ ಮಾಡಿ ರಾಜಿ ಮಾಡಿಸುತ್ತಿದ್ದರೋ ಏನೋ.

ಮೊದಮೊದಲು ನಿಮ್ಮ ವಾದ ನಮಗೆಲ್ಲ ಮೋಜಾಗಿತ್ತು. ಹಬ್ಬಕ್ಕೆ ಬಂದರೆ ಬಾಡೂಟ ಆದ ಮೇಲೆ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಶುರು ಮಾಡುತ್ತಿದ್ದಿರಿ. ಹಳೇ ನೋಟು ನಡೆಯುವುದಿಲ್ಲ ಎಂದು ಪ್ರಧಾನಿ ಟಿವಿಯಲ್ಲಿ ಹೇಳಿದಾಗ ನೀನು ಕಳ್ಳದುಡ್ಡಿನವರ ಕತೆ ಮುಗಿಯಿತು ಎಂದು ಕುಣಿದೆ. ಮಾರನೆಯ ಬೆಳಿಗ್ಗೆ ಅವ್ವ ರಾಗಿ ಡಬ್ಬದ ತಳಕ್ಕೆ ಕೈ ಹಾಕಿ ಬಟ್ಟೆಯ ಗಂಟೊಂದನ್ನು ಈಚೆಗೆ ತೆಗೆದು, "ನಿನ್ ಪ್ರದಾನಿಗೆ ನನ್ ರಾಗಿ ಡಬ್ಬ ತೋರ್ಸಿದ್ಯಾರ್ಲಾ?" ಎಂದು ಕೇಳಿದಾಗ ನಿನ್ನ ಮುಖ ನೋಡಬೇಕಿತ್ತು. ನಮ್ಮ ಮನೆಯವರು ನಕ್ಕು ನಕ್ಕು ಕೆಮ್ಮು ಬಂದು ಒದ್ದಾಡಿದರು. ನೀನೂ ನಕ್ಕೆ. ಆಗ ನಗುವುದು ನಿಮಗೆ ಬರುತ್ತಿತ್ತು.

ಮುಂದೆ ಹೊಸ ತೆರಿಗೆ ಬಂತು. ಪೀಣ್ಯದಲ್ಲಿ ಎರಡು ಲೇತ್ ಮಷೀನು ಇಟ್ಟುಕೊಂಡು ಇವರು ನಡೆಸುತ್ತಿದ್ದ ಶೆಡ್ಡಿಗೆ ದೊಡ್ಡ ಕಂಪನಿಗಳ ಕೆಲಸ ಬರುವುದು ಕಡಿಮೆಯಾಯಿತು. ಪಕ್ಕದ ಶೆಡ್ಡಿನ ಮಡಿವಾಳಪ್ಪ ಅದೇ ತೆರಿಗೆಗೆ ಬೇಗ ಹೊಂದಿಕೊಂಡು ಇನ್ನೊಂದು ಮಷೀನು ಹಾಕಿದ, ಅದೂ ಸುಳ್ಳಲ್ಲ. ಇವರಿಗೆ ಹೊಂದಿಕೊಳ್ಳಲು ಆಗಲಿಲ್ಲ. ಅಲ್ಲಿಂದ ಇವರ ಮಾತಿನಲ್ಲಿ ನಗು ಹೋಯಿತು, ಇವರು ಬೈದಷ್ಟೂ ನಿನ್ನ ಭಕ್ತಿ ಹೆಚ್ಚಾಯಿತು.

ಆಮೇಲೆ ಆ ಭಾನುವಾರ. ಕಾಯಿಲೆ ಬಂದಿದೆ, ಬೆಳಗಿನಿಂದ ಯಾರೂ ಹೊರಗೆ ಬರಬೇಡಿ, ಸಂಜೆ ನಿಮ್ಮ ನಿಮ್ಮ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿ, ತಟ್ಟೆ ಬಡಿಯಿರಿ, ಆಸ್ಪತ್ರೆಯವರಿಗೆ ಕೃತಜ್ಞತೆ ಹೇಳಿ ಎಂದು ಪ್ರಧಾನಿ ಕೇಳಿಕೊಂಡಿದ್ದರು. ನಾವು ಮೂವರೂ ಹಿಂದಿನ ದಿನವೇ ನಿಮ್ಮ ಮನೆಗೆ ಬಂದಿದ್ದೆವು. ಮಹಡಿಯ ಮೇಲೆ ಇದ್ದಾಗ ಗುಡಿಯ ಜಾಗಟೆ ಕೇಳಿಸಿತು. ಇಳಿದು ಬಂದು ನೋಡಿದರೆ ನೀನು ಬರಿಗಾಲಿನಲ್ಲಿ, ಬರಿಮೈಯಲ್ಲಿ, ತಲೆಯ ಮೇಲೆ ಮೊರ ಹೊತ್ತು ಬೀದಿಗೆ ಇಳಿದಿದ್ದೆ. ಮೊರದಲ್ಲಿ ಬೇವಿನ ಸೊಪ್ಪು, ಅರಿಶಿನ, ಹಸಿರು ಬಳೆ. ಹಿಂದೆ ಜಾಗಟೆ ಹಿಡಿದ ನಿನ್ನ ಮಗ ಮನು, ಅವನ ಹಿಂದೆ ವಠಾರದ ಬಾಡಿಗೆಯವರೆಲ್ಲ ತಟ್ಟೆ ಬಡಿಯುತ್ತಾ. ನೋಡನೋಡುತ್ತ ಬೀದಿ ತುಂಬಿತು. ನೀನು ಯಾರ ಕಡೆಗೂ ತಿರುಗದೆ ನಡೆದೆ. ಹಳೇ ಗಡಿಕಲ್ಲು ಇದ್ದ ಜಾಗ ಈಗ ರಿಂಗ್ ರೋಡಿನ ಸರ್ವಿಸ್ ರಸ್ತೆ. ಅಲ್ಲಿ ಮೊರ ಇಳಿಸಿ, ಮಾರಿಯನ್ನು ಮಾರತ್ತಹಳ್ಳಿ ಕಡೆಗೆ ದಾಟಿಸಿ, ಹಿಂತಿರುಗಿ ನೋಡದೆ ಬಂದೆ. ಆ ಊರಿನವರು ಏನು ಪಾಪ ಮಾಡಿದ್ದರೋ ಕಾಣೆ.

ಇವರು ಫೋನಿನಲ್ಲಿ ವಿಡಿಯೋ ಮಾಡುತ್ತಾ ನಿನ್ನ ಪಕ್ಕದಲ್ಲೇ ನಡೆದಿದ್ದರು. "ಹಿಂಗ್ ಮಾಡಕ್ಕೆ ಯಾರ್ ಹೇಳಿದ್ದು ಬಾವ?" ಎಂದು ಕೇಳಿದ್ದೂ ಇವರೇ. ನೀನು ಒಂದು ಕ್ಷಣ ನಿಂತು, "ಪ್ರಧಾನಿ ಹೇಳವ್ರೆ" ಅಂದೆ. ಅಷ್ಟೇ. ನಮ್ಮ ನೆಂಟರ ಗುಂಪಿಗೆ ಹಾಕಿದ ಆ ವಿಡಿಯೋ ಯಾರ ಯಾರ ಕೈ ದಾಟಿತೋ, ಮಾರನೆಯ ದಿನ ಟಿವಿಯಲ್ಲಿ ಬಂತು. ಮನೆಯೊಳಗಿರಿ ಎಂದರೆ ಜಾತ್ರೆ ಮಾಡಿದವನು ಎಂದು ನಿನ್ನ ಮುಖಕ್ಕೆ ಕೆಂಪು ಗೆರೆ ಸುತ್ತಿ ತೋರಿಸಿದರು, ಆ ಎರಡು ಮಾತನ್ನು ಮತ್ತೆ ಮತ್ತೆ ಹಾಕಿದರು. ಠಾಣೆಗೆ ಕರೆದು ಬುದ್ಧಿ ಹೇಳಿ ಕಳಿಸಿದರು. ಅಲ್ಲಿಯೂ ನೀನು ಅದೇ ಮಾತು ಹೇಳಿದೆಯಂತೆ.

ಠಾಣೆಯಿಂದ ಬಂದ ನಿನ್ನನ್ನು ಇವರು ಕೆಣಕಬಾರದಿತ್ತು. ಕೆಣಕಿದರು. ಪ್ರಧಾನಿ ಹಗಲಲ್ಲಿ ರಾತ್ರಿ ಎಂದರೆ ಚಾಪೆ ಹಾಸುವವನು ನೀನು ಎಂದರು. ನೀನೂ ಸುಮ್ಮನಿರಬೇಕಿತ್ತು. "ಕೆಲ್ಸ ಬರ್ದೆ ಇರೋನು ಸರ್ಕಾರ ಬೈತಾನೆ" ಅಂದೆ. ಅಣ್ಣಾ, ಎರಡು ಲೇತನ್ನು ಮಕ್ಕಳ ಹಾಗೆ ಒರೆಸಿ ಎಣ್ಣೆ ಬಿಟ್ಟು ಇಟ್ಟುಕೊಂಡಿದ್ದ ಮನುಷ್ಯನಿಗೆ ಆ ಮಾತು ಹೇಳಿದೆ. ಅದೇ ವರ್ಷ ಶೆಡ್ಡು ಮುಚ್ಚಿತು. ಈಗ ಬೊಮ್ಮಸಂದ್ರದಲ್ಲಿ ಇನ್ನೊಬ್ಬರ ಕೈಕೆಳಗೆ ಶಿಫ್ಟಿಗೆ ಹೋಗುತ್ತಾರೆ. ಇವರ ಗಂಟಲಲ್ಲಿ ಸಿಕ್ಕಿರುವ ಮುಳ್ಳು ಪ್ರಧಾನಿಯ ಯಾವ ಕಾನೂನಿನದೂ ಅಲ್ಲ, ನಿನ್ನ ಆ ಮಾತಿನದು.

ಒಂದು ವಿಷಯ ನಿನಗೆ ಹೇಳಬೇಕು. ದೇಶಕ್ಕೆಲ್ಲ ಬೀಗ ಬಿದ್ದ ಆ ದಿನಗಳಲ್ಲಿ ನೀನು ಮಾಡಿದ್ದು ನಮಗೆ ಗೊತ್ತಾಗಿದೆ. ನಿನ್ನ ಬಾಡಿಗೆಯ ಶೀಟ್ ಮನೆಯಲ್ಲಿದ್ದ ರಾಯಚೂರು ಕಡೆಯ ಸಿದ್ರಾಮ ಈಗ ನಮ್ಮ ಬೀದಿಯಲ್ಲೇ ಗಾರೆ ಕೆಲಸ ಮಾಡುತ್ತಾನೆ, ಅವನೇ ಹೇಳಿದ. ಗಂಟು ಕಟ್ಟಿಕೊಂಡು ಊರಿಗೆ ನಡೆದು ಹೊರಟವರನ್ನು ನೀನು ಗೇಟಿಗೆ ಅಡ್ಡ ನಿಂತು ತಡೆದೆಯಂತೆ, ನಮ್ಮ ಮನೆಯಲ್ಲಿ ಬೆಂದದ್ದೇ ನಿಮಗೂ ಎಂದೆಯಂತೆ, ಅತ್ತಿಗೆ ದಿನವೂ ಕೊಪ್ಪರಿಗೆಯಲ್ಲಿ ಸಾರು ಕಾಯಿಸಿದಳಂತೆ. ಇವರೂ ಕೂತು ಪೂರ್ತಿ ಕೇಳಿದರು. ಮನೆ ಯಜಮಾನ ಬಾಗಿಲು ಹಾಕಿದ ಎಂದರೆ ಹೊರಗೆ ಏನೋ ಅಪಾಯ ಇದೆ ಎಂದು ತಿಳಿಯಬೇಕು, ಆ ಬೀಗದ ಬಗ್ಗೆ ಇದು ನಿನ್ನ ವಾದ. ಹಾಕುವ ಮುಂಚೆ ಹೊರಗೆ ಯಾರಾದರೂ ಉಳಿದಿದ್ದಾರಾ ಎಂದು ನೋಡಬೇಕಲ್ಲ, ಇದು ಇವರದು. ನನ್ನ ಕೇಳಿದರೆ ಎರಡೂ ಹೌದು. ಅಷ್ಟು ದೊಡ್ಡ ಮನೆಗೆ ಯಜಮಾನನಾಗಿ ಕೂತವರ ಎದೆಯಲ್ಲಿ ಆ ಸಂಜೆ ಏನಿತ್ತೋ ನಮಗೆ ತಿಳಿಯದು. ಭಯ ಅವರಿಗೂ ಇದ್ದಿರಬೇಕು. ನಾನು ಸಿಲಿಂಡರ್ ಬೆಲೆಗೆ ಅವರನ್ನು ಬೈಯುತ್ತೇನೆ, ನಮ್ಮ ಬೀದಿಯ ಕೃಷ್ಣಮ್ಮನಿಗೆ ಹೊಗೆಯಿಲ್ಲದ ಒಲೆ ಬಂದದ್ದಕ್ಕೆ ಹೊಗಳುತ್ತೇನೆ. ಯಾರಿಗೆ ವೋಟು ಹಾಕುತ್ತೇನೆ ಎಂದು ನಿಮಗಿಬ್ಬರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಲಸಿಕೆಯ ಕಾಗದದ ಮೇಲೆ ಅವರ ಫೋಟೋ ಇದೆಯೆಂದು ನೀನು ಲ್ಯಾಮಿನೇಷನ್ ಮಾಡಿಸಿದೆ, ಇವರು ಫೋಟೋ ಒಳಗೆ ಬರುವ ಹಾಗೆ ಮಡಚಿ ಪರ್ಸಿನಲ್ಲಿಟ್ಟರು. ಲಸಿಕೆ ಇಬ್ಬರ ತೋಳಿಗೂ ಒಂದೇ ತರಹ ನೋವು ಕೊಟ್ಟಿತು.

ಈಗ ಕಾಗದ ಬರೆದ ಕಾರಣಕ್ಕೆ ಬರುತ್ತೇನೆ. ಹೋದ ವಾರ ಅವ್ವ ನಡುಮನೆಯಲ್ಲಿ ಕೂತು ಮದುವೆಯ ಅಕ್ಕಿ ಆರಿಸುತ್ತಿದ್ದಳು. ಇವರು ಪಕ್ಕದಲ್ಲಿ ಮಿಕ್ಸಿ ಬಿಚ್ಚಿ ರಿಪೇರಿ ಮಾಡುತ್ತಿದ್ದರು. ಬಿಂದು "ಅಜ್ಜಿ, ಮಾವ ಬರಲ್ವಂತೆ" ಎಂದು ಮುಖ ಸಣ್ಣಗೆ ಮಾಡಿದಳು. ಅವ್ವನಿಗೆ ಕೋಪ ಬಂತು. ನನ್ನ ಮಗ ನನ್ನ ಮಾತು ಯಾವತ್ತೂ ಮೀರಿದವನಲ್ಲ ಎಂದು ಶುರು ಮಾಡಿದಳು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಬಾಗ್ಲಲ್ಲಿ ನಿಂತ್ಕಂಡು ಬಡುದ್ರೆ ಓಯ್ತದಾ ಮಾರಿ? ನಮ್ಮತ್ತೆ ಕಾಲ್ದಾಗೆ ಪಲೇಗು ಬಂದಾಗ ಮೊರ ಒತ್ಕಂಡೋಗಿ ಗಡಿ ದಾಟ್ಸಿದ್ರು. ನೀನೂ ಅಂಗೇ ಮಾಡು ಅಂದೆ ಮುನೀಂದ್ರಂಗೆ. ಬ್ಯಾಡ ಕಣವ್ವ, ಆಚೆ ಬರ್ಬೇಡಿ ಅಂತ ಪ್ರದಾನಿ ಏಳವ್ರೆ ಅಂದ. ನಾನು ಕೂಳು ಮುಟ್ಟಕಿಲ್ಲ ಅಂತ ಕುಂತೆ. ಎದ್ದು ಸರ್ಟು ಬಿಚ್ಚಿ ಮೊರ ಎತ್ಕಂಡ."

ಇಷ್ಟು ಹೇಳಿ ಅವಳು ಮತ್ತೆ ಅಕ್ಕಿ ಆರಿಸತೊಡಗಿದಳು. ನೀನು ಟಿವಿಯಲ್ಲಿ ಬಂದದ್ದು, ಠಾಣೆಗೆ ಹೋದದ್ದು, ಊರೆಲ್ಲ ನಕ್ಕದ್ದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಕೇಬಲ್ ಕೆಟ್ಟಿದೆ ಎಂದು ಆಗ ನೀನು ತಿಂಗಳುಗಟ್ಟಲೆ ಟಿವಿ ಹಾಕಗೊಡಲಿಲ್ಲ ಎಂದು ಅತ್ತಿಗೆ ಗೊಣಗಿದ್ದು ನನಗೆ ಆ ಗಳಿಗೆಯಲ್ಲಿ ಅರ್ಥವಾಯಿತು. ನಮ್ಮ ಬೀದಿಯಲ್ಲಿ ಒಂದು ಹೆಣವೂ ಬೀಳಲಿಲ್ಲ, ಎಲ್ಲ ನನ್ನಿಂದ ಎಂದು ಅವ್ವ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ನೀನು ಆ ಹೆಮ್ಮೆಯನ್ನು ಹಾಗೆಯೇ ಕಾದಿಟ್ಟಿದ್ದೀಯ.

ಅಣ್ಣಾ, ಪ್ರಧಾನಿ ಬೇಡ ಎಂದದ್ದನ್ನು ಮಾಡಿ, ಅವರೇ ಹೇಳಿದರು ಎಂದೆಯಲ್ಲ. ನೀನು ಅಷ್ಟು ಪ್ರೀತಿಸುವ ಮನುಷ್ಯನ ತಲೆಗೆ ತಪ್ಪು ಕಟ್ಟಿದೆ, ಅವ್ವನ ತಲೆಗೆ ಕಟ್ಟಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಅಡುಗೆಮನೆಗೆ ಹೋಗಿ ನಿಂತುಕೊಂಡೆ. ಇವರು ಹಿಂದೆಯೇ ಬಂದರು, ಕೈಯಲ್ಲಿ ಇನ್ನೂ ಸ್ಕ್ರೂಡ್ರೈವರ್ ಇತ್ತು. "ಇಷ್ಟ್ ದಿನ ಅವ್ನನ್ನ ಪ್ರಧಾನಿ ಗುಲಾಮ ಅಂದ್ಕೊಂಡಿದ್ದೆ. ಅವ್ನು ಅವ್ರಮ್ಮನ ಮಗ ಕಣೇ" ಅಂದರು. ಮಿಕ್ಸಿ ಆವತ್ತು ರಿಪೇರಿ ಆಗಲಿಲ್ಲ. ಅದಾದ ಮೇಲೆ ಇವರು ಫೋನು ಎತ್ತಿಕೊಂಡು ನಿನ್ನ ಹೆಸರಿನ ತನಕ ಹೋಗಿ ಮತ್ತೆ ಕೆಳಗಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಿನ್ನಷ್ಟೇ ಹಟಮಾರಿ.

ನಿನ್ನೆ ಶಾಮಿಯಾನದವನು ಬಂದಿದ್ದ. ಈಗೆಲ್ಲ ಕಬ್ಬಿಣದ ಪೈಪು, ಗುಂಡಿ ತೋಡುವ ಕಾಲ ಹೋಯಿತು, ಹಾಲುಗಂಬದ ಕೊಂಬೆಯನ್ನೂ ನಾನೇ ತಂದು ಪೈಪಿಗೆ ಕಟ್ಟಿಕೊಡುತ್ತೇನೆ ಅಂದ. ಇವರ ಚಿಕ್ಕಪ್ಪನ ಮಗ ಶ್ಯಾಮಣ್ಣ, ಮಾವನ ಜಾಗದಲ್ಲಿ ಬೇಕಾದರೆ ನಾನು ನಿಲ್ಲುತ್ತೇನೆ ಎಂದು ಧೈರ್ಯ ಹೇಳಿದ. ಇವರು ಹಾರೆ ತಂದು ಬಾಗಿಲ ಮುಂದಿನ ಸಿಮೆಂಟು ಒಡೆಯಲು ಶುರು ಮಾಡಿದರು. ಮೊಣಕೈ ಆಳದ ಗುಂಡಿ ತೋಡಿದ ಮೇಲೇ ತಲೆ ಎತ್ತಿದ್ದು. ಮುನೀಂದ್ರ ಬರದಿದ್ದರೆ ಏನು ಮಾಡುತ್ತೀಯ ಎಂದು ಶ್ಯಾಮಣ್ಣ ಕೇಳಿದ. ಇವರು ಬೆವರು ಒರೆಸಿಕೊಂಡು ಹೇಳಿದರು:

"ಬರ್ದಿದ್ರೆ ಗುಂಡಿ ಹಂಗೇ ಇರುತ್ತೆ. ಮದ್ವೆಗೆ ಬಂದೋರು ಕೇಳ್ತಾರೆ. ನನ್ ಕೆಟ್ಟ ಬಾಯಿಂದ್ಲೇ ಬಾವ ಬರ್ಲಿಲ್ಲ ಅಂತ ನಾನೇ ಹೇಳ್ತೀನಿ."

ನೀನು ಬಂದು ಕ್ಷಮೆ ಕೇಳಬೇಕಿಲ್ಲ, ಇವರಿಂದ ಕೇಳಿಸಿಕೊಳ್ಳಬೇಕಿಲ್ಲ. ಕೊಂಬೆ ನೆಟ್ಟಾದ ಮೇಲೆ ಗುಂಡಿ ಚೆನ್ನಾಗಿ ತೋಡಿದ್ದೀಯ ಎಂದು ಇವರಿಗೆ ಒಂದು ಮಾತು ಹೇಳು. ಅಷ್ಟು ಸಾಕು, ಇವರಿಗೆ ಅರ್ಥವಾಗುತ್ತದೆ. ಆಮೇಲೆ ಊಟ ಮಾಡಿ, ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಪ್ರಧಾನಿಯ ಬಗ್ಗೆ ಎಷ್ಟು ಬೇಕಾದರೂ ಜಗಳ ಆಡಿ, ನಾನು ಬಿಡಿಸಲು ಬರುವುದಿಲ್ಲ. ಕೊಂಬೆಯನ್ನು ಮಾತ್ರ ಟೆಂಪೋದಲ್ಲಿ ತಾ, ಮೆಟ್ರೋದವರು ಬಿಡುವುದಿಲ್ಲ.

ರಾತ್ರಿ ಮಕ್ಕಳು ಓಡಾಡುತ್ತವೆ ಎಂದು ಇವರು ಗುಂಡಿಯ ಮೇಲೆ ಹಲಗೆ ಮುಚ್ಚಿದ್ದಾರೆ. ಶುಕ್ರವಾರ ಬೆಳಿಗ್ಗೆ ತೆಗೆಯುತ್ತೇವೆ.

ನಿನ್ನ ಮನೆ ತಣ್ಣಗಿರಲಿ, ನನ್ನ ತವರು ನನಗಿರಲಿ. ಬಿಂದುವನ್ನು ಹರಸಲು ನಿನ್ನ ಕೈ ಬೇಕು.

ದಾರಿ ಕಾಯುವ ತಂಗಿ,
ವನಜಾ