ಅಪ್ಪ ಬೇಡವೆಂದ ಸಂಘ

ಬೆಂಗಳೂರು
೧೯-೮-೧೯೬೪

ತೀರ್ಥರೂಪರಾದ ಅಪ್ಪನವರಿಗೆ ಕಮಲಾಕ್ಷಿಯ ನಮಸ್ಕಾರ. ಸಿಟ್ಟಾಗದೆ ಕೊನೇವರೆಗೂ ಓದಿ ಅಂತ ಮೊದಲೇ ಕೇಳಿಕೊಳ್ಳುತ್ತೇನೆ.

ನೀವು ಬೇಡ ಅಂದಿದ್ದ ನಮ್ಮ ಕಾಲೇಜಿನ ಇಂಜಿನಿಯರುಗಳ ಸಂಘಕ್ಕೆ ನಾನು ಸೇರಿಬಿಟ್ಟೆ. "ಸಂಘ ಅಂದ್ರೆ ಮುಷ್ಕರ ಕಣಮ್ಮ, ಸೇರಿದ್ರೆ ಓದು ಬಿಡಿಸ್ತೀನಿ" ಅಂದಿದ್ದಿರಿ. ಕಾರ್ಖಾನೆ ಮುಷ್ಕರದಲ್ಲಿ ನೀವು ಪಟ್ಟ ಪಾಡು ನಾನು ಮರೆತಿಲ್ಲ. ಆದರೆ ನಮ್ಮದರಲ್ಲಿ ಬಾವುಟವೂ ಇಲ್ಲ, ಘೋಷಣೆಯೂ ಇಲ್ಲ. ತಿಂಗಳಿಗೊಮ್ಮೆ ಯಾರೋ ದೊಡ್ಡ ಇಂಜಿನಿಯರು ಬಂದು ಸೇತುವೆ ಬಗ್ಗೆ ಮಾತಾಡುತ್ತಾರೆ, ಹುಡುಗರು ತೂಕಡಿಸುತ್ತಾರೆ, ಆಮೇಲೆ ಎಲ್ಲರಿಗೂ ಬೋಂಡಾ ಕೊಡುತ್ತಾರೆ. ಇಷ್ಟಕ್ಕೆ ಯಾವ ಸರ್ಕಾರ ಬೀಳುತ್ತೆ ಹೇಳಿ?

ನಾನು ಸೇರಿದ್ದು ಬೋಂಡಾ ಆಸೆಗಲ್ಲ. ಸಂಘದವರನ್ನು ಮಾತ್ರ ಕಾರ್ಖಾನೆ ತೋರಿಸೋಕೆ ಕರ್ಕೊಂಡು ಹೋಗುತ್ತಾರೆ. ಈ ಶನಿವಾರ ಯಶವಂತಪುರಕ್ಕೆ, ನಿಮ್ಮ ಕಾರ್ಖಾನೆಗೇ ಬರುತ್ತಿದ್ದೇವೆ.

ಚಿಕ್ಕಂದಿನಿಂದ ನಿಮಗೆ ಊಟದ ಕ್ಯಾರಿಯರು ತಂದವಳು ನಾನು. ಗೇಟಿನ ಅತಾವುಲ್ಲಾ ಸಾಬರು ಪ್ರತಿ ಸಲವೂ ಅದನ್ನು ಇಸ್ಕೊಂಡು, "ನೀನು ಇಲ್ಲೇ ನಿಲ್ಲಮ್ಮ" ಅನ್ನುತ್ತಿದ್ದರು. ಒಳಗೆ ಲೇತ್ ತಿರುಗೋ ಸದ್ದು ಕೇಳಿಕೊಂಡು ಹೊರಗೆ ನಿಂತು ನಿಂತೇ ನನಗೆ ಇಂಜಿನಿಯರ್ ಆಗೋ ಹುಚ್ಚು ಹಿಡಿದದ್ದು.

ಶನಿವಾರ ನನ್ನನ್ನು ನೋಡಿ ಲೇತಿನ ಹಿಂದೆ ಅವಿತುಕೊಳ್ಳಬೇಡಿ. ಎಲ್ಲರನ್ನೂ ಕರೆದು "ನನ್ ಮಗಳು" ಅಂತ ಸಾರಲೂ ಬೇಡಿ. ಒಬ್ಬಿಬ್ಬರಿಗೆ ಹೇಳಿದರೆ ಪರವಾಗಿಲ್ಲ.

ಅಮ್ಮನಿಗೆ ಶನಿವಾರ ಗೇಟಿಗೆ ಬರೋದು ಬೇಡ ಅನ್ನಿ. ಹಾಸ್ಟೆಲಿನಿಂದ ಬೆಳಗ್ಗೆಯೇ ಮನೆಗೆ ಬಂದು ಕ್ಯಾರಿಯರು ನಾನೇ ತರುತ್ತೇನೆ. ಈ ಸಲ ಸಾಬರ ಕೈಗಲ್ಲ, ನಿಮ್ಮ ಕೈಗೇ ಕೊಡುತ್ತೇನೆ.

ನಿಮ್ಮ ಮಗಳು,
ಕಮಲಾಕ್ಷಿ