ಎಣಿಕೆಗೆ ಬಾರದ ಗೀಟುಗಳು

ಮೇಷ್ಟ್ರೇ,

'ಸರ್' ಅಂದರೆ ಸಿಡುಕುತ್ತಿದ್ದಿರಿ, ಅದಕ್ಕೇ ಈಗಲೂ ಮೇಷ್ಟ್ರೇ. ಕುಶಲ ಕೇಳುವ ಹಾಗಿಲ್ಲ, ನನ್ನ ಕ್ಷೇಮ ಹೇಳುವ ಮನಸ್ಸೂ ಇಲ್ಲ. ನೇರವಾಗಿ ಹೇಳಿಬಿಡುತ್ತೇನೆ: ನೀವು ತೀರಿಕೊಂಡ ಮೂರು ತಿಂಗಳಿಗೆ ನಾನು ನಿಮ್ಮನ್ನು ಕಳ್ಳ ಅಂದುಕೊಂಡೆ. ಒಂದೆರಡು ದಿನವಲ್ಲ, ಐದು ವಾರ. ಯೂನಿವರ್ಸಿಟಿಯ ನಮ್ಮ ಮನಶ್ಶಾಸ್ತ್ರ ವಿಭಾಗದಲ್ಲಿ ನಿಮ್ಮ ಫೋಟೋಗೆ ಹಾಕಿದ ಹಾರವನ್ನು ಕಿತ್ತೆಸೆಯಬೇಕು ಅನಿಸುತ್ತಿತ್ತು. ಆ ಅನುಮಾನ ಈಗ ಹೋಗಿದೆ. ಆದರೆ ಅದರ ಜಾಗದಲ್ಲಿ ಇನ್ನೊಂದು ಬಂದು ಕೂತಿದೆ.

ಪರವಾಡದ ಆ ಔಷಧ ಕಾರ್ಖಾನೆಗೆ ನಾವಿಬ್ಬರೂ ಸಂಶೋಧನೆಗೆಂದು ಕಂಪನಿ ಬಸ್ಸಿನಲ್ಲಿ ಮೊದಲ ಸಲ ಹೋದದ್ದು ನೆನಪಿದೆಯಾ? ಇಂಜೆಕ್ಷನ್ ಸೀಸೆಗಳನ್ನು ದೀಪದ ಕೆಳಗೆ ಹಿಡಿದು, ಮೆಲ್ಲಗೆ ತಿರುಗಿಸಿ, ಒಮ್ಮೆ ಕಪ್ಪು ಹಲಗೆಯ ಎದುರು, ಒಮ್ಮೆ ಬಿಳಿ ಹಲಗೆಯ ಎದುರು ನೋಡುತ್ತಿದ್ದ ಆ ಹೆಂಗಸರು. ಬಿಳಿ ನೂಲೆಳೆ ಬಿದ್ದಿದ್ದರೆ ಕಪ್ಪಿನ ಮುಂದೆ ಕಾಣುತ್ತದೆ, ಕಪ್ಪು ಚುಕ್ಕೆಯಿದ್ದರೆ ಬಿಳಿಯ ಮುಂದೆ. ಸಾಲು ಸಾಲು ಒಳ್ಳೆಯ ಸೀಸೆಗಳನ್ನೇ ನೋಡಿದ ಕಣ್ಣು ಅಪರೂಪಕ್ಕೆ ಬರುವ ಕೆಟ್ಟದ್ದನ್ನು ನೋಡಿಯೂ ನೋಡದೆ ಬಿಡುತ್ತದೆ ಎನ್ನುವುದು ನಿಮ್ಮ ವಾದ. "ಕಣ್ಣು ತೆರೆದಿದ್ರ ಕಂಡಂಗಲ್ಲವ್ವ, ಮನಸು ಅಲ್ಲಿಗೆ ಹೋಗಬೇಕು" ಅಂದಿರಿ. ವಿಶಾಖಪಟ್ಟಣದಲ್ಲಿ ನನ್ನ ಜೊತೆ ಕನ್ನಡ ಆಡುತ್ತಿದ್ದವರು ನೀವೊಬ್ಬರೇ. ದಾವಣಗೆರೆಯಿಂದ ಬಂದ ನನಗೆ ನಿಮ್ಮ ಬಳ್ಳಾರಿ ಮಾತು ಕೇಳಿದರೇ ಊಟ ಮಾಡಿದಷ್ಟು ಸಮಾಧಾನವಾಗುತ್ತಿತ್ತು.

ಹಾಳೆಗಳ ವಿಷಯಕ್ಕೆ ನಾವು ಜಗಳವಾಡಿದ್ದು ಒಂದೆರಡು ಸಲವೇ? ನಾವು ಬೇಕೆಂದೇ ಬೆರೆಸಿಟ್ಟ ಕೆಟ್ಟ ಸೀಸೆ ಕಂಡರೆ ಆ ಹೆಂಗಸರು ಹಾಳೆಯಲ್ಲಿ ಗೀಟು ಹಾಕಬೇಕು. ಕಪ್ಪು ಹಲಗೆಯ ಮುಂದೆ ಕಂಡದ್ದಕ್ಕೆ ಎಡಗಡೆಯ ಕಾಲಂ, ಬಿಳಿ ಹಲಗೆಯ ಮುಂದೆ ಕಂಡದ್ದಕ್ಕೆ ಬಲಗಡೆಯದು. ಸರಿಯಾದ ಗೀಟಿಗೆಲ್ಲ ನೀವು ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿ, ಮೊತ್ತ ಬರೆದು, ಆ ಮೊತ್ತವನ್ನಷ್ಟೇ ನನಗೆ ಕೊಡುತ್ತಿದ್ದಿರಿ. ಕಂಪ್ಯೂಟರಿಗೆ ಹಾಕೋಣ ಅಂದರೆ "ಮಷೀನು ಎಣಿಸ್ತೈತವ್ವ, ನೋಡಂಗಿಲ್ಲ" ಅನ್ನುತ್ತಿದ್ದಿರಿ. ನಾನೊಮ್ಮೆ ಪರೀಕ್ಷಿಸಿ ನೋಡುತ್ತೇನೆ ಅಂದದ್ದಕ್ಕೆ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಅಷ್ಟು ಸಿಟ್ಟು ಯಾಕೆ ಅಂತ ನಾನು ಆಗಲೇ ಕೇಳಬೇಕಿತ್ತು.

ಅಪ್ಪಲನರಸಮ್ಮ ಆ ದಿನ ಕ್ಯಾಂಟೀನಿನ ಪಕ್ಕ ನಮಗೆ ಕೊಟ್ಟಿದ್ದ ಕೋಣೆಗೆ ಬಂದು ನಿಂತದ್ದು ನನ್ನ ಕಣ್ಣ ಮುಂದಿದೆ. ಸೀಸೆ ನೋಡುವ ಆ ಬೆಂಚಿನ ಹೆಂಗಸರಲ್ಲೆಲ್ಲ ಹಳಬಳು. ನಮಗೆ ಅನುಮತಿ ಕೊಡುವಾಗಲೇ ಕಾರ್ಖಾನೆಯವರು ಕಡಿಮೆ ಅಂಕ ಬಂದವರ ಪಟ್ಟಿ ಬೇಕು ಅಂದಿದ್ದರು, ನೀವು ಒಪ್ಪಿದ್ದಿರಿ. ಪಟ್ಟಿಯಲ್ಲಿ ಅವಳ ಹೆಸರೇ ಮೇಲೆ. ಹದಿನಾಲ್ಕು ವರ್ಷ ಸೀಸೆ ನೋಡಿದವಳನ್ನು ಎಬ್ಬಿಸಿ ಲೇಬಲ್ ಅಂಟಿಸುವ ಕಡೆಗೆ ಕಳಿಸಿದರು. "ನೇನು ಚೂಶಾನು ಮೇಡಂ" ಅಂದಳು, ನಾನು ನೋಡಿದ್ದೆ, ಗೀಟೂ ಹಾಕಿದ್ದೆ ಅಂತ. ನಮ್ಮ ಮೇಷ್ಟ್ರು ತಪ್ಪು ಎಣಿಸುವವರಲ್ಲ ಎಂದು ನಾನು ಅವಳಿಗೆ ಬುದ್ಧಿ ಹೇಳಿ ಕಳಿಸಿದೆ. ನಾಚಿಕೆಯಾಗುತ್ತದೆ ಮೇಷ್ಟ್ರೇ.

ನಿಮ್ಮ ಬೀರುವಿನ ಬೀಗದ ಕೈ ನನ್ನ ಕೈಗೆ ಬಂದ ದಿನ ಮೊದಲು ಅವಳ ಹಾಳೆಗಳನ್ನೇ ತೆಗೆದೆ. ಬಲಗಡೆಯ ಕಾಲಮ್ಮಿನಲ್ಲಿ ಒಂದೊಂದು ಗೀಟಿಗೂ ಅಚ್ಚುಕಟ್ಟಾದ ಕೆಂಪು ಸುತ್ತು. ಎಡಗಡೆ ಒಂದೂ ಇಲ್ಲ! ಅವಳ ಪಾಲಿಗೆ ಬಂದ ಟ್ರೇಗಳಲ್ಲಿ ನೂಲೆಳೆಯವೇ ಹೆಚ್ಚು, ಅವಳು ಹೆಚ್ಚುಕಡಿಮೆ ಎಲ್ಲವನ್ನೂ ಹಿಡಿದಿದ್ದಳು. ನೀವು ಎಣಿಸಿಯೇ ಇಲ್ಲ. ಉಳಿದವರ ಹಾಳೆಗಳೂ ಹಾಗೇ. ಮೊದಲ ಕೆಲವು ತಿಂಗಳ ಹಾಳೆಗಳು ಮಾತ್ರ ಎರಡೂ ಕಡೆ ಸರಿಯಾಗಿವೆ, ಆಮೇಲೆ ಎಡಗಡೆ ಪೂರ್ತಿ ಖಾಲಿ. ನೂಲೆಳೆ ಹೀಗೆ ಸಲೀಸಾಗಿ ಸಿಕ್ಕಿಬಿಟ್ಟರೆ ನಿಮ್ಮ ವಾದ ಸೊರಗುತ್ತದೆ, ಅದಕ್ಕೇ ಮುದುಕ ಬೇಕಾದ್ದನ್ನು ಎಣಿಸಿ ಬೇಡದ್ದನ್ನು ಬಿಟ್ಟಿದ್ದಾನೆ ಅಂದುಕೊಂಡೆ. ಹೌದು, ಏಕವಚನದಲ್ಲೇ ಅಂದುಕೊಂಡೆ. ನಮ್ಮ ಲೇಖನ ಅಚ್ಚಿಗೆ ಒಪ್ಪಿಗೆಯಾಗಿತ್ತು, ನಿಮ್ಮ ಹೆಸರಿನ ಪಕ್ಕ ನನ್ನ ಹೆಸರೂ ಇತ್ತು. ಒಬ್ಬ ಹೆಂಗಸಿನ ಹೊಟ್ಟೆಯ ಮೇಲೆ ಹೊಡೆದು ಬರೆದ ಲೇಖನ.

ವಾರಕ್ಕೊಮ್ಮೆ ನೀವು ಹೋಗುತ್ತಿದ್ದ ಭವಾನಿಪುರಂನ ನಿಮ್ಮ ಮನೆಗೆ ನಾನು ರೈಲು ಹತ್ತಿ ಹೋದದ್ದು ಸಂತಾಪ ಹೇಳುವುದಕ್ಕಲ್ಲ. ಉಳಿದ ಹಾಳೆಗಳನ್ನೇನಾದರೂ ಮನೆಯಲ್ಲಿ ಬಚ್ಚಿಟ್ಟಿದ್ದೀರಾ ಅಂತ ನೋಡುವುದಕ್ಕೆ. ಸುಜಾತಮ್ಮ ಬಾಗಿಲಲ್ಲೇ ಗಂಡನ ಶಿಷ್ಯೆಯಾದ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಊಟಕ್ಕೆ ಕೂರಿಸಿ, ಬಡಿಸುತ್ತಾ, ಅತ್ತೆಮನೆಯಲ್ಲಿ ಕಲಿತ ಆ ಕನ್ನಡದಲ್ಲಿ ಹೇಳಿದರು: "ಶನಿವಾರ ಬರೋರು, ಅರ್ಧ ತಟ್ಟೆ ತಿಂದು ಏಳೋರಮ್ಮಾ. ಈ ಕಡೆ ಪಪ್ಪು ಅನ್ನ ಪೂರಾ ಖಾಲಿ. ಆ ಕಡೆ ಗೋಂಗೂರ ಪಚ್ಚಡಿ, ಬೆಂಡೆಕಾಯಿ ಇಟ್ಟಿದ್ದು ಇಟ್ಟಂಗೇ. ಅದು ಅವರಿಗೆ ಪ್ರಾಣ. ವಿಶಾಖದಲ್ಲಿ ಯಾರೋ ಚೆನ್ನಾಗಿ ಮಾಡಿ ಹಾಕ್ತಿದಾರೆ ಅನ್ಕೊಂಡೆ." ಅಂದು ನನ್ನ ಮುಖ ನೋಡಿದರು. ನಾನು ನಿಮ್ಮ ಕಳ್ಳತನ ಹುಡುಕಿಕೊಂಡು ಹೋಗಿದ್ದರೆ ಅವರು ಆ 'ಯಾರೋ' ನಾನೇ ಅಂದುಕೊಂಡು ಕಾದಿದ್ದರು!

"ಯಾವ ಕಡೆ ಅಮ್ಮಾ, ಎಡಗಡೆಯಾ?" ಅಂತ ನಾನು ಕೇಳಿದೆ. ಅವರು ತಟ್ಟೆಯ ಎಡಭಾಗ ಮುಟ್ಟಿ ತೋರಿಸಿದರು. ಆಮೇಲೆ ಅವರಿಗೇ ಒಂದೊಂದಾಗಿ ನೆನಪಾಗತೊಡಗಿತು. ಕಾರಿನ ಎಡಬಾಗಿಲು ಮೂರು ಸಲ ಜಜ್ಜಿಹೋಗಿತ್ತಂತೆ, ಪ್ರತಿಸಲವೂ ನೀವು ಆಟೋದವರನ್ನು ಬೈದಿರಂತೆ. ಆಟೋನಗರ್‌ನ ಮೆಕ್ಯಾನಿಕ್ಕು ನಿಮ್ಮ ಶತ್ರುಗಳೆಲ್ಲ ಒಂದೇ ಕಡೆಯಿಂದ ಬರುತ್ತಾರಾ ಅಂತ ನಕ್ಕಿದ್ದನಂತೆ. ಆಸ್ಪತ್ರೆಯ ಫೈಲು ತಂದುಕೊಟ್ಟರು. ನಿಮ್ಮನ್ನು ಒಯ್ದ ಆ ರಕ್ತಸ್ರಾವಕ್ಕೂ ಎಷ್ಟೋ ತಿಂಗಳು ಮೊದಲು ಮೆದುಳಿನ ಬಲಭಾಗದಲ್ಲಿ ರಕ್ತ ಕಟ್ಟಿ ಒಂದು ಸಣ್ಣ ಪೆಟ್ಟಾಗಿತ್ತು ಅಂತ ಅದರಲ್ಲಿ ಬರೆದಿತ್ತು. ಸುಜಾತಮ್ಮನಿಗೆ ಅದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ.

ಎರಡನೇ ವರ್ಷದವರಿಗೆ ನೀವು ಮಾಡುತ್ತಿದ್ದ ಪಾಠ ನನಗೆ ಬಾಯಿಪಾಠ. ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಗಡೆಯ ಲೋಕವೇ ಇಲ್ಲವಾಗುತ್ತದೆ, ಕಣ್ಣು ನೆಟ್ಟಗಿದ್ದರೂ ಗಮನ ಆ ಕಡೆ ಹೋಗುವುದಿಲ್ಲ, ತಟ್ಟೆಯಲ್ಲಿ ಅರ್ಧ ಊಟ ಉಳಿಯುತ್ತದೆ, ಏನೋ ತಪ್ಪಿದೆ ಎನ್ನುವುದೂ ಅವರಿಗೆ ಗೊತ್ತಾಗುವುದಿಲ್ಲ. ಗಮನದ ಮೇಲೇ ಬದುಕು ಸವೆಸಿದವರು ನೀವು. ದಿನಾ ನಿಮ್ಮೆದುರು ಕೂರುತ್ತಿದ್ದವಳು ನಾನು. ನಮ್ಮಿಬ್ಬರಿಗೂ ಹೊಳೆಯಲಿಲ್ಲವಲ್ಲ. ಆಗಲೇ ಒಬ್ಬ ಡಾಕ್ಟರಿಗೆ ತೋರಿಸಿದ್ದರೆ...

ಆದರೆ ಹೋದ ವರ್ಷ ಆ ಒಂದು ಪಾಠವನ್ನು ಮಾತ್ರ ನನ್ನ ಕೈಲಿ ಮಾಡಿಸಿದಿರಿ. "ಈ ಸಲ ನೀನೇ ಮಾಡವ್ವ, ನನಗ ಬ್ಯಾಸರ" ಅಂದಿರಿ. ಇಪ್ಪತ್ತು ವರ್ಷ ಬೇಸರವಾಗದ್ದು ಆಗಲೇ ಯಾಕೆ ಬೇಸರವಾಯಿತು? ನಾನು ಹಾಳೆ ಪರೀಕ್ಷಿಸುತ್ತೇನೆ ಅಂದಾಗ ಅಷ್ಟು ಉರಿದುಬಿದ್ದದ್ದು ಯಾಕೆ? ನಿಮಗೆ ಗೊತ್ತಿತ್ತಾ ಮೇಷ್ಟ್ರೇ? ಗೊತ್ತಿದ್ದೂ ನಿವೃತ್ತಿಯವರೆಗೆ ಹೇಗೋ ತಳ್ಳೋಣ ಅಂದುಕೊಂಡಿರಾ? ಗೊತ್ತಾಗುವುದು ಸಾಧ್ಯವಿಲ್ಲ ಎನ್ನುತ್ತದೆ ನೀವೇ ಕಲಿಸಿದ ವಿದ್ಯೆ. ನಿಮ್ಮನ್ನು ಬಲ್ಲ ನಾನು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಗೊತ್ತಿದ್ದರೆ ಅಪ್ಪಲನರಸಮ್ಮನ ಹೆಸರನ್ನು ಪಟ್ಟಿಗೆ ಸೇರಿಸಿದ ಕೈಯನ್ನು ನಾನು ಕ್ಷಮಿಸುವುದಿಲ್ಲ. ಗೊತ್ತಿರದಿದ್ದರೆ ನೀವು ನನ್ನನ್ನು ಕ್ಷಮಿಸಬೇಕು.

ಲೇಖನ ವಾಪಸು ಕೇಳಿ ಪತ್ರಿಕೆಯವರಿಗೆ ಒಂದು ಬೆಳಿಗ್ಗೆ ಬರೆದೆ. ಕಾರಣವನ್ನೂ ಬರೆದೆ, ನಿಮ್ಮ ಕಾಯಿಲೆಯನ್ನೂ ಬರೆದೆ. ಹೋದವರ ಮಾನ ಯಾಕೆ ಕಳೆಯುತ್ತೀಯ, ಸುಮ್ಮನಿದ್ದುಬಿಡು ಅಂದರು ವಿಭಾಗದಲ್ಲಿ. ಸುಜಾತಮ್ಮ ಮಾತ್ರ "ಬರೆಯಮ್ಮಾ, ಕಳ್ಳ ಅನ್ನೋದಕ್ಕಿಂತ ಕಾಯಿಲೆಯೋರು ಅಂದರೆ ಮೇಲು" ಅಂದರು. ಹಾಳೆಗಳನ್ನೆಲ್ಲ ನಾನೂ ಇನ್ನೊಬ್ಬರೂ ಬೇರೆಬೇರೆಯಾಗಿ ಎಣಿಸಿದೆವು. ನಿಮ್ಮ ವಾದ ಪೂರ್ತಿ ಸುಳ್ಳಾಗಲಿಲ್ಲ, ಆದರೆ ತುಂಬ ಸಣ್ಣದಾಯಿತು. ಹೊಸ ಪಟ್ಟಿಯನ್ನು ಕಾರ್ಖಾನೆಗೆ ನಾನೇ ಕೊಟ್ಟುಬಂದೆ. ಬರುವ ಸೋಮವಾರದಿಂದ ಅಪ್ಪಲನರಸಮ್ಮ ಮತ್ತೆ ದೀಪದ ಮುಂದೆ ಕೂರುತ್ತಾಳೆ.

ನಿನ್ನೆ ಶಿಫ್ಟು ಬಿಟ್ಟಾಗ ಕಂಪನಿ ಬಸ್ಸಿನ ಹತ್ತಿರ ಅವಳನ್ನು ಹಿಡಿದು ನಿಲ್ಲಿಸಿ ಎಲ್ಲ ಹೇಳಿದೆ, ಕೈ ಮುಗಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಆ ಸಾರ್‌ಗೆ ಈ ಪಕ್ಕ ಕಾಣ್ತಾ ಇರಲಿಲ್ಲ ಅಲ್ವಾ ಮೇಡಂ" ಅಂತ ತೆಲುಗಿನಲ್ಲಿ ಅಂದು ತನ್ನ ಎಡಭುಜ ತಟ್ಟಿಕೊಂಡಳು. ಆ ಕೋಣೆಗೆ ಹಾಳೆ ಕೊಡಲು ಬರುವಾಗ ಕ್ಯಾಂಟೀನಿನಿಂದ ಅವಳೇ ತಂದು ನಿಮ್ಮ ಎಡಗಡೆ ಇಟ್ಟ ಚಹಾ ಮುಟ್ಟದೆ ಆರಿಹೋಗಿತ್ತಂತೆ. ಮಾರನೆಯ ದಿನ ಬಲಗಡೆ ಇಟ್ಟು ನೋಡಿದಳಂತೆ, ಕುಡಿದಿರಂತೆ. ಮತ್ತೆ ಎಡಗಡೆ ಇಟ್ಟಳು, ಮತ್ತೆ ಆರಿತು. ಅಲ್ಲಿಂದ ಪ್ರತಿದಿನ ನಿಮ್ಮನ್ನು ಸುತ್ತಿ ಬಂದು ಬಲಗಡೆಯೇ ಇಡುತ್ತಿದ್ದಳಂತೆ.

ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ, ಸ್ವಲ್ಪ ಜೋರಾಗಿಯೇ. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದವಳು ತಿರುಗಿ ನೋಡಿದಳು.

"ಹೇಳೋಕೆ ಅಂತಾನೇ ಆ ದಿನ ನಿಮ್ಮ ಹತ್ತಿರ ಬಂದಿದ್ದು ಮೇಡಂ. ಕಣ್ಣು ಸರಿಯಿಲ್ಲ ಅಂತ ನನ್ನನ್ನೇ ಎಬ್ಬಿಸಿ ಕಳಿಸಿದ್ದರು, ಅಂಥವಳು ಸಾರ್‌ಗೆ ಕಾಣ್ತಿಲ್ಲ, ನಾನು ನೋಡಿದೆ ಅಂದರೆ, ನೀವು ನಂಬುತ್ತಿದ್ದಿರಾ?"