ಮೊದಲ ತಿಂಗಳ ಪಗಾರ ಚೀಟಿ

ಕಲಬುರ್ಗಿ, 1994

ಗೆಳೆಯಾ ಕಾಶಿರಾಯ,

ನೀನು ಊರು ಬಿಟ್ಟು ಹನ್ನೊಂದು ವರ್ಷವಾಯಿತು. ನಿನ್ನ ವಿಳಾಸ ನನ್ನ ಹತ್ತಿರ ಇಲ್ಲ, ಆದರೂ ಇವತ್ತಿನ ಸುದ್ದಿ ಹೇಳಬೇಕು.

ಕಮಲಾಪುರ ಸಂತೆಯಲ್ಲಿ ನಿನ್ನ ತಂಗಿ ದುಂಡಮ್ಮ ಕೆಂಪು ಬಾಳೆಹಣ್ಣು ಮಾರುತ್ತ ಕೂತಿದ್ದಳು. ಅವಳ ಮಗ ಭೀಮಶಾ ನಂದೂರಿನ ಬೇಳೆ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಾನೆ. ಈಗ ಅವನಿಗೆ ಸರ್ಕಾರಿ ಕಚೇರಿಯೊಂದರಲ್ಲಿ ಜವಾನನ ಕೆಲಸ ಸಿಕ್ಕಿದೆ. ಹೋಗಲೋ ಬೇಡವೋ ಎಂದು ಒದ್ದಾಡುತ್ತಿದ್ದಾನಂತೆ.

“ಗೋಪಾಲಣ್ಣಾ, ನೀನೂ ಜವಾನ ಆಗೇ ಸೇರಿದಿ. ಮೊದಲನೇ ತಿಂಗಳು ಕೈಯಾಗ ಎಷ್ಟ್ ಬಂತು? ಖರೇ ಹೇಳು,” ಎಂದು ದುಂಡಮ್ಮ ಕೇಳಿದಳು.

“ನಾಕ್ನೂರಾ ಹತ್ತು.”

“ನಮ್ಮಣ್ಣನ ಮುಂದ ಏಳ್ನೂರು ಅಂದಿದ್ದಿ!”

ಅಂದಿದ್ದೆ. ಜಗತ್ ಸರ್ಕಲ್ಲಿನ ಚಹಾದಂಗಡಿಯಲ್ಲಿ, ಇಸ್ತ್ರಿ ಅಂಗಿ ಹಾಕಿಕೊಂಡು. ನೀನು ಅದನ್ನೇ ನಂಬಿ ಹಮಾಲರ ಟೋಳಿಯಲ್ಲಿದ್ದ ಜಾಗ ಬಿಟ್ಟು ನಮ್ಮ ಕಚೇರಿ ಸೇರಿದೆ. ಮೊದಲ ಪಗಾರದ ದಿನ ಕೈಗೆ ಬಂದದ್ದು ಏಳ್ನೂರಕ್ಕಿಂತ ಬಹಳ ಕಡಿಮೆ; ಉಳಿದದ್ದನ್ನು ಸಾಹೇಬ ತಿಂದನೆಂದು ನೀನು ಜಗಳಾಡಿ ಕೆಲಸ ಬಿಟ್ಟು ಹೊರಬಿದ್ದೆ. ನಾನು ಪಕ್ಕದಲ್ಲೇ ನಿಂತಿದ್ದೆ; ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಟೋಳಿಯವರು ನಿನ್ನ ಜಾಗಕ್ಕೆ ಬೇರೆಯವನನ್ನು ಸೇರಿಸಿಕೊಂಡಿದ್ದರು.

ದುಂಡಮ್ಮನಿಗೆ ಹೇಳಿದೆ: “ಮೊದಲ ನಾಕೈದು ವರ್ಷ ಗಳಿಕ್ಯಾಗ ಹಮಾಲಿನೇ ಮುಂದವ್ವಾ. ಆಮ್ಯಾಲ ಚೀಲದ ಭಾರ ಅಷ್ಟೇ ಇರ್ತದ, ಬೆನ್ನು ಹಂಗ ಇರಂಗಿಲ್ಲ. ಪಗಾರ ಮಾತ್ರ ವರ್ಷಾ ವರ್ಷಾ ಏರ್ತದ.”

“ಇದನ್ನ ಅವನ ಮುಂದ ಬಂದು ಹೇಳು. ನಾ ಹೇಳಿದ್ರ ಆಂವ ಕೇಳಂಗಿಲ್ಲ,” ಎಂದಳು.

ಭಾನುವಾರ ಹೋಗುತ್ತೇನೆ. ಆ ಮೊದಲ ತಿಂಗಳ ಪಗಾರ ಚೀಟಿಯನ್ನು ಟ್ರಂಕಿನಿಂದ ತೆಗೆದು ಅಂಗಿಯ ಜೇಬಿನಲ್ಲಿಟ್ಟಿದ್ದೇನೆ. ಅದನ್ನು ಇನ್ನೊಬ್ಬರು ನೋಡುವುದು ಇದೇ ಮೊದಲು.

ನಿನ್ನ
ಗೋಪಾಲ